ಸಹಾಯ ಬೇಕು: ಹಿಂದೆ ಯಾರೋ ಬರುತ್ತಿದ್ದರೆ ಕಣ್ಣು ಎಲ್ಲಿಡಬೇಕು?

ರಾತ್ರಿ ಕೆಲಸ ಮುಗಿಸಿ ಒಬ್ಬಳೇ ನಡೆದು ಬರುತ್ತೇನೆ. ಕಳೆದ ವಾರ ಒಬ್ಬ ತುಂಬಾ ದೂರದವರೆಗೆ ನನ್ನ ಹಿಂದೆಯೇ ಬಂದ. ತಲೆ ತಗ್ಗಿಸಿ ಬೇಗ ಬೇಗ ಹೆಜ್ಜೆ ಹಾಕಿದೆ. ಏನೂ ಆಗಲಿಲ್ಲ, ಆದರೆ ಆ ಭಯ ಇನ್ನೂ ಹೋಗಿಲ್ಲ.

1981ರಲ್ಲಿ ಗ್ರೇಸನ್ ಮತ್ತು ಸ್ಟೈನ್ ಎಂಬ ಸಂಶೋಧಕರು ದಾರಿಹೋಕರ ವಿಡಿಯೊವನ್ನು ಜೈಲಿನಲ್ಲಿದ್ದ ಅಪರಾಧಿಗಳಿಗೆ ತೋರಿಸಿದ್ದರು. ಯಾರ ಮೇಲೆ ಕೈ ಮಾಡುವುದು ಸುಲಭ ಅಂತ ಅವರು ನಡಿಗೆ ನೋಡಿಯೇ ಅಂದಾಜು ಮಾಡಿದರಂತೆ. ಅದನ್ನು ಓದಿದ ಮೇಲೆ ಬೆನ್ನು ನೇರ ಮಾಡಿ ನಡೆಯುತ್ತಿದ್ದೇನೆ. ಇಯರ್‌ಫೋನ್ ಬಿಟ್ಟಿದ್ದೇನೆ.

ಗೊಂದಲ ಇರುವುದು ಕಣ್ಣಿನ ವಿಷಯದಲ್ಲಿ. ದಿಟ್ಟಿಸಿದರೆ ಜಗಳಕ್ಕೆ ಕರೆದ ಹಾಗೆ, ನೋಡದಿದ್ದರೆ ಹೆದರಿದ ಹಾಗೆ, ಅಲ್ವಾ? ತಿರುಗಿ ಒಮ್ಮೆ ಮುಖ ನೋಡಿ ಮುಂದೆ ಹೋಗಬೇಕಾ, ಇಲ್ಲ ಸುಮ್ನೆ ರಸ್ತೆ ದಾಟಬೇಕಾ? ಸ್ವರಕ್ಷಣೆ ಕಲಿತವರು ದಯವಿಟ್ಟು ಹೇಳಿ.