‘ಕೀಲ್ ಓವರ್’ ಅಂದ್ರೆ ಎಡವಿ ಬೀಳೋದಾ, ತಲೆ ತಿರುಗಿ ಬೀಳೋದಾ?

ರಾಯಚೂರಿನವ:
ಮೊನ್ನೆ ಮಧ್ಯಾಹ್ನ ನಮ್ಮ ಗೋದಾಮಿನಲ್ಲಿ ಭತ್ತದ ಚೀಲ ಹೊರೋ ಹಮಾಲರೊಬ್ಬರು ನಿಂತಲ್ಲೇ ಬಿದ್ದುಬಿಟ್ಟರು. ಚೀಲ ಇನ್ನೂ ಬೆನ್ನಿಗೆ ಏರಿರಲಿಲ್ಲ. ಗೋಡೆ ಹಿಡಿಯೋಕೆ ಕೈ ಚಾಚಿದರು, ಸಿಗಲಿಲ್ಲ. ನೆರಳಿಗೆ ಒಯ್ದು ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟರು, ಈಗ ಆರಾಮ ಇದ್ದಾರೆ. ಇದನ್ನು ಮಾಲೀಕರಿಗೆ ಇಂಗ್ಲಿಷ್‌ನಲ್ಲಿ ಬರೆದು ಕಳಿಸಬೇಕು. ಗೆಳೆಯ ‘ಹಿ ಕೀಲ್ಡ್ ಓವರ್’ ಅಂತ ಬರಿ ಅಂದ. ಮಂಡಿಯ ಕೀಲು ತಪ್ಪಿತು ಅಂತ ಇರಬೇಕು ಅಂದ್ಕೊಂಡೆ, ಡಿಕ್ಷನರಿ ತೆಗೆದರೆ ಹಡಗಿನ ಸುದ್ದಿ ಇದೆ! ಯಾರಾದ್ರೂ ಸ್ವಲ್ಪ ಬಿಡಿಸಿ ಹೇಳಿ.

ಬಳ್ಳಾರಿ ಟೀಚರ್:
ನಮ್ಮ ಕೀಲಿಗೂ ಅದಕ್ಕೂ ಸಂಬಂಧ ಇಲ್ಲ ತಮ್ಮಾ. ಹಡಗಿನ ತಳದಲ್ಲಿ ಈ ತುದಿಯಿಂದ ಆ ತುದಿವರೆಗೆ ಬೆನ್ನೆಲುಬಿನ ಹಾಗೆ ಒಂದು ಉದ್ದನೆಯ ತೊಲೆ ಇರುತ್ತೆ, ಅದು ಕೀಲ್. ಅದು ಯಾವಾಗಲೂ ನೀರಿನೊಳಗೇ ಇರಬೇಕು, ಮೇಲೆ ಬಂತು ಅಂದ್ರೆ ಹಡಗು ಮಗುಚಿತು ಅಂತಲೇ ಅರ್ಥ. ಆ ಮಾತು ಆಮೇಲೆ ಮನುಷ್ಯರಿಗೂ ಬಂತು. ಬಿಸಿಲಿಗೋ ಸುಸ್ತಿಗೋ ಇದ್ದಕ್ಕಿದ್ದಂತೆ ಇಡೀ ದೇಹ ಉರುಳಿದರೆ ಕೀಲ್ ಓವರ್. ಕಲ್ಲು ಎಡವಿ ಮುಗ್ಗರಿಸಿದರೆ ಅದು ‘ಟ್ರಿಪ್’. ಹೊರೆ ಮೇಲೆ ಜಾಸ್ತಿಯಾಗಿ ವಾಲಿ ಬೀಳುತ್ತಲ್ಲ, ಮೇವು ಏರಿಸಿದ ಟ್ರಾಲಿ ಥರ, ಅದು ‘ಟಾಪಲ್’, ಅದರೊಳಗೆ ‘ಟಾಪ್’ ಇದೆ ನೋಡಿ. ಟಾಪಲ್ ಅಂದ್ರೆ ಬೀಳೋದೂ ಹೌದು, ಬೀಳಿಸೋದೂ ಹೌದು. ಸರ್ಕಾರ ಉರುಳಿಸಿದರು ಅನ್ನೋಕೂ ಅದನ್ನೇ ಬಳಸುತ್ತಾರೆ.

ಆದ್ರೆ ಮಾಲೀಕರಿಗೆ ಕೀಲ್ ಓವರ್ ಅಂತ ಬರೀಬೇಡಿ. ಅದು ಆಡುಮಾತು, ಬಿದ್ದು ಸತ್ತ ಅನ್ನೋಕೂ ಬಳಸೋದುಂಟು. ಓದಿದವರು ಗಾಬರಿ ಬೀಳಬಾರದು ಅಲ್ವಾ? ‘ಕೊಲ್ಯಾಪ್ಸ್ಡ್’ ಅನ್ನಿ. ಎಚ್ಚರ ತಪ್ಪಿತ್ತು ಅಂದ್ರೆ ‘ಫೇಂಟೆಡ್’.

ಆನೆಗೊಂದಿ ಕಡೆಯವ:
ಟೀಚರ್ ಹೇಳಿದ್ದು ಸರಿ. ನಮ್ಮ ತುಂಗಭದ್ರೆಯ ಹರಿಗೋಲಿಗೆ ಕೀಲ್ ಅನ್ನೋದೇ ಇಲ್ಲ. ಬಿದಿರು ಹೆಣೆದ ದುಂಡನೆ ಬುಟ್ಟಿ, ತಳ ಚಪ್ಪಟೆ, ಅದಕ್ಕೇ ಹುಟ್ಟು ಹಾಕೋದು ನಿಲ್ಲಿಸಿದರೆ ಸುಮ್ನೆ ಗಿರ್ರನೆ ತಿರುಗುತ್ತೆ. ಎಲ್ಲರೂ ಒಂದೇ ಕಡೆ ಎದ್ದು ನಿಂತರೆ ಮಗುಚಲೂಬಹುದು. ಒಂದು ಮಾತು: ಇದನ್ನು ಕನ್ನಡಕ್ಕೆ ತರುವಾಗ ‘ಹಮಾಲ ಮಗುಚಿದ’ ಅಂತ ಬರೆದೀರಿ ಮತ್ತೆ. ಮಗುಚೋದು ದೋಣಿ, ಹೆಂಚಿನ ಮೇಲಿನ ರೊಟ್ಟಿ. ಲಾರಿ ಆದ್ರೆ ಪಲ್ಟಿ. ಮನುಷ್ಯ ಹಾಗೆ ಬಿದ್ದರೆ ನಮ್ಮ ಕಡೆ ‘ಬವಳಿ ಬಂದು ಬಿದ್ದ’ ಅಂತಾರೆ. ಬವಳಿ ಅಂದ್ರೆ ತಲೆಸುತ್ತು, ಬಿದ್ದದ್ದು ಯಾಕೆ ಅನ್ನೋದೂ ಅದರಲ್ಲೇ ಬಂತು.

ರಾಯಚೂರಿನವ:
ಬವಳಿ! ಅವರ ಹೆಂಡತಿ ಬಂದಾಗ ಕೇಳಿದ್ದೂ ಅದನ್ನೇ, ‘ಬವಳಿ ಬಂತೇನು?’ ಅಂತ. ‘ಕೊಲ್ಯಾಪ್ಸ್ಡ್’ ಅಂತ ತಿದ್ದಿ, ಬಿಸಿಲಿನಿಂದ ಅಂತಲೂ ಸೇರಿಸಿ ಕಳಿಸಿದೆ ಅಕ್ಕ. ನಾಳೆಯಿಂದ ಮಧ್ಯಾಹ್ನ 12ರಿಂದ 3ರವರೆಗೆ ಲೋಡಿಂಗ್ ಬೇಡ ಅಂತ ಈಗಷ್ಟೇ ಉತ್ತರ ಬಂತು.