ಕೊಳೆರೋಗದ ಅಡಿಕೆಯಿಂದ ತೆಗೆದ ಡಿಎನ್‌ಎ: ಪಿಸಿಆರ್‌ನಲ್ಲಿ ಬ್ಯಾಂಡ್ ಬರುತ್ತಿಲ್ಲ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ತೀರ್ಥಹಳ್ಳಿ ಮತ್ತು ಹೊಸನಗರದ ಕಡೆಯ ತೋಟಗಳಿಂದ ಕೊಳೆರೋಗ ತಗುಲಿದ ಎಳೆಯ ಅಡಿಕೆಕಾಯಿಗಳನ್ನು ತಂದು, ರೋಗಕಾರಕವನ್ನು ಪಿಸಿಆರ್ (ಡಿಎನ್‌ಎಯ ಆಯ್ದ ಭಾಗವನ್ನು ಕಿಣ್ವದಿಂದ ಅನೇಕ ಪಟ್ಟು ನಕಲಿಸುವ ವಿಧಾನ) ಮೂಲಕ ಗುರುತಿಸಲು ಪ್ರಯತ್ನಿಸುತ್ತಿದ್ದೇನೆ.

ಕಾಯಿಯ ಸಿಪ್ಪೆಯನ್ನು ಅರೆದು, ಶೇ. 2ರ ಸಿಟಿಎಬಿ (ಕೋಶಗಳನ್ನು ಒಡೆಯುವ ಮಾರ್ಜಕ) ಬಫರ್‌ನಲ್ಲಿ 65 ಡಿಗ್ರಿಯಲ್ಲಿ ಇರಿಸಿ, ಕ್ಲೋರೋಫಾರ್ಮ್‌ನಿಂದ ಶುದ್ಧಗೊಳಿಸಿ, ಐಸೊಪ್ರೊಪನಾಲ್‌ನಲ್ಲಿ ಡಿಎನ್‌ಎ ಇಳಿಸುತ್ತೇನೆ. ತಳದಲ್ಲಿ ಸಿಗುವ ಪೆಲೆಟ್ ಕಂದು ಬಣ್ಣಕ್ಕಿರುತ್ತದೆ, ಮುಟ್ಟಿದರೆ ತುಸು ಲೋಳೆ. ನ್ಯಾನೊಡ್ರಾಪ್‌ನಲ್ಲಿ (ಬೆಳಕಿನ ಹೀರುವಿಕೆಯಿಂದ ಡಿಎನ್‌ಎ ಅಳೆಯುವ ಯಂತ್ರ) ಮೈಕ್ರೋಲೀಟರ್‌ಗೆ 400 ನ್ಯಾನೊಗ್ರಾಂ ತೋರಿಸುತ್ತದೆ. ಶುದ್ಧತೆ ಸೂಚಿಸುವ 260/280 ಅನುಪಾತ (ಆ ನ್ಯಾನೊಮೀಟರ್ ತರಂಗಗಳಲ್ಲಿ ಹೀರಿದ ಬೆಳಕಿನ ಅನುಪಾತ) 1.6, 260/230 ಅನುಪಾತ 0.7. ಐಟಿಎಸ್1-ಎಫ್ ಮತ್ತು ಐಟಿಎಸ್4 ಪ್ರೈಮರ್‌ಗಳನ್ನು (ನಕಲು ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕುಗಳು) ಬಳಸಿ, 55 ಡಿಗ್ರಿಯಲ್ಲಿ ಅನೀಲಿಂಗ್ (ಪ್ರೈಮರ್ ಅಂಟುವ ಹಂತ) ಇಟ್ಟು, 35 ಸೈಕಲ್ ಓಡಿಸಿದರೆ ಜೆಲ್‌ನಲ್ಲಿ ಅಡಿಕೆಯ ಲೇನ್‌ಗಳೆಲ್ಲ ಖಾಲಿ. ನಮ್ಮಲ್ಲಿರುವ ಕೊಲೆಟೊಟ್ರೈಕಮ್ ಎಂಬ ಶಿಲೀಂಧ್ರದ ಕಲ್ಚರ್‌ನ ಡಿಎನ್‌ಎ ಹಾಕಿದ ಪಾಸಿಟಿವ್ ಕಂಟ್ರೋಲ್‌ನಲ್ಲಿ ಮಾತ್ರ 600 ಬೇಸ್‌ಪೇರ್‌ಗಳ (ಡಿಎನ್‌ಎ ಉದ್ದದ ಅಳತೆ) ಆಸುಪಾಸಿನಲ್ಲಿ ಸ್ಪಷ್ಟವಾದ ಬ್ಯಾಂಡ್ ಬರುತ್ತದೆ, ನೀರು ಹಾಕಿದ ಲೇನ್‌ನಲ್ಲಿ ಏನೂ ಇರುವುದಿಲ್ಲ. ಟೆಂಪ್ಲೇಟ್ (ಮಾದರಿಯ ಡಿಎನ್‌ಎ) ದುಪ್ಪಟ್ಟು ಹಾಕಿ ನೋಡಿದರೂ ಪ್ರಯೋಜನವಾಗಿಲ್ಲ. ಇಷ್ಟು ಡಿಎನ್‌ಎ ಇದ್ದೂ ಬ್ಯಾಂಡ್ ಏಕೆ ಬರುತ್ತಿಲ್ಲ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಭದ್ರಾ_ಬಯಲು:

ಮ್ಯಾಗ್ನೀಸಿಯಂ ಕ್ಲೋರೈಡನ್ನು ಸ್ವಲ್ಪ ಹೆಚ್ಚಿಸಿ, 45 ಸೈಕಲ್ ಓಡಿಸಿ ನೋಡಿ ಮೇಡಂ. ನಮ್ಮಲ್ಲಿ ಮಣ್ಣಿನ ಮಾದರಿಗಳಿಗೆ ಹಾಗೆ ಮಾಡಿದಾಗ ಬ್ಯಾಂಡ್ ಬಂದದ್ದುಂಟು.

ಶರಾವತಿ_ಸೆರಗು:

ಭದ್ರಾ_ಬಯಲು ಅವರ ಸಲಹೆಗೆ ನನ್ನ ಸಣ್ಣ ಆಕ್ಷೇಪವಿದೆ. 45 ಸೈಕಲ್‌ಗೆ ಹೋದರೆ ನೀರಿನ ಲೇನ್‌ನಲ್ಲೂ ಏನಾದರೊಂದು ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಆಮೇಲೆ ಯಾವ ಬ್ಯಾಂಡನ್ನೂ ನಂಬಲು ಬರುವುದಿಲ್ಲ. ಮೊದಲು ತಿಳಿಯಬೇಕಾದದ್ದು ಬೇರೆಯೇ ಇದೆ: ಲೇನ್ ಖಾಲಿ ಇರುವುದು ಗುರಿಯ ಡಿಎನ್‌ಎ ಇಲ್ಲದ್ದರಿಂದಲೋ, ಅದು ಇದ್ದೂ ಕಿಣ್ವಕ್ಕೆ ಕೆಲಸ ಮಾಡಲು ಆಗದ್ದರಿಂದಲೋ? ಬರಿಯ ಖಾಲಿ ಲೇನ್ ನೋಡಿ ಇದನ್ನು ಹೇಳಲಾಗದು.

ಅದಕ್ಕೊಂದು ಸುಲಭದ ಪರೀಕ್ಷೆಯಿದೆ. ಚೆನ್ನಾಗಿ ಬ್ಯಾಂಡ್ ಕೊಡುತ್ತಿರುವ ನಿಮ್ಮ ಕೊಲೆಟೊಟ್ರೈಕಮ್ ಡಿಎನ್‌ಎಯನ್ನು ಎಂದಿನಂತೆ ಟ್ಯೂಬಿಗೆ ಹಾಕಿ, ಅದೇ ಟ್ಯೂಬಿಗೆ 1 ಮೈಕ್ರೋಲೀಟರ್ ಅಡಿಕೆ ಡಿಎನ್‌ಎಯನ್ನೂ ಸೇರಿಸಿ. ಪಕ್ಕದ ಟ್ಯೂಬುಗಳಲ್ಲಿ ಅದೇ ಅಡಿಕೆ ಡಿಎನ್‌ಎಯನ್ನು ಹತ್ತು ಪಟ್ಟು ಮತ್ತು ಐವತ್ತು ಪಟ್ಟು ನೀರು ಮಾಡಿ ಸೇರಿಸಿ. ನೀರು ಮಾಡದ ಟ್ಯೂಬಿನಲ್ಲಿ 600ರ ಬ್ಯಾಂಡ್ ಮಾಯವಾಗಿ, ನೀರು ಮಾಡಿದವುಗಳಲ್ಲಿ ಮರಳಿ ಬಂದರೆ, ಪಾಲಿಮರೇಸ್ ಕಿಣ್ವವನ್ನು ತಡೆಯುವ ವಸ್ತು ನಿಮ್ಮ ಮಾದರಿಯಲ್ಲಿದೆ ಎಂದೇ ಅರ್ಥ. ಹಾಗಿದ್ದರೆ ಟೆಂಪ್ಲೇಟ್ ದುಪ್ಪಟ್ಟು ಹಾಕಿದಾಗ ಆ ತಡೆಯೂ ದುಪ್ಪಟ್ಟಾಗಿರುತ್ತದೆ.

ಅಂಥ ವಸ್ತು ಇದೆಯೆಂಬ ಅನುಮಾನಕ್ಕೆ ನಿಮ್ಮ ಅಂಕಿಗಳಲ್ಲೇ ಆಧಾರವಿದೆ. 260/230 ಅನುಪಾತ ಸಾಮಾನ್ಯವಾಗಿ 2ರ ಸುತ್ತ ಇರಬೇಕು. ಅದು 0.7ಕ್ಕೆ ಇಳಿದಿದೆಯೆಂದರೆ ಪಾಲಿಫಿನಾಲ್ ಹಾಗೂ ಪಾಲಿಸ್ಯಾಕರೈಡ್‌ಗಳು ಡಿಎನ್‌ಎ ಜೊತೆಗೇ ಇಳಿದು ಬಂದಿವೆ. 400 ನ್ಯಾನೊಗ್ರಾಂ ಎಂಬ ಅಂಕಿಯನ್ನೂ ಪೂರ್ತಿ ನಂಬಬೇಡಿ, ಏಕೆಂದರೆ ಆರ್‌ಎನ್‌ಎ ಮತ್ತು ಫಿನಾಲಿಕ್ ವಸ್ತುಗಳೂ 260ರಲ್ಲಿ ಬೆಳಕನ್ನು ಹೀರುತ್ತವೆ. ಅಡಿಕೆಯ ಚೊಗರು ಎಂಥದ್ದೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಆ ಚೊಗರಿನ ಟ್ಯಾನಿನ್ ಗಾಳಿಗೆ ಸಿಕ್ಕಿ ಕಂದಾದಾಗ ಡಿಎನ್‌ಎಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಆಮೇಲೆ ಎಷ್ಟು ಎಥನಾಲ್‌ನಲ್ಲಿ ತೊಳೆದರೂ ಬಿಡುವುದಿಲ್ಲ. ಆದ್ದರಿಂದ ಅರೆಯುವ ಹೊತ್ತಿಗೇ ತಡೆಯಬೇಕು. ಬಫರ್‌ಗೆ ಶೇ. 2ರಷ್ಟು ಪಿವಿಪಿ (ಟ್ಯಾನಿನ್ ಹಿಡಿದಿಡುವ ಪಾಲಿಮರ್) ಮತ್ತು ಬಳಸುವ ಮುನ್ನವಷ್ಟೇ ಬೀಟಾ-ಮರ್ಕ್ಯಾಪ್ಟೊಎಥನಾಲ್ (ಕಂದಾಗುವುದನ್ನು ತಡೆಯುವ ರಾಸಾಯನಿಕ) ಸೇರಿಸಿ, ಅರೆದ ತಕ್ಷಣ ಬಿಸಿ ಬಫರ್‌ಗೆ ಹಾಕಿ. ಲೋಳೆಗೆ ಕಾರಣ ಪಾಲಿಸ್ಯಾಕರೈಡ್. ಉಪ್ಪಿನ ಪ್ರಮಾಣ ಹೆಚ್ಚಿಸಿ ಡಿಎನ್‌ಎ ಇಳಿಸಿದರೆ ಅದು ಬಹುಮಟ್ಟಿಗೆ ದ್ರಾವಣದಲ್ಲೇ ಉಳಿಯುತ್ತದೆ. ಈಗಾಗಲೇ ತೆಗೆದಿಟ್ಟಿರುವ ಮಾದರಿಗಳಿಗೆ, ಅವನ್ನು ನೀರು ಮಾಡುವುದರ ಜೊತೆಗೆ, ಪಿಸಿಆರ್ ಮಿಶ್ರಣದಲ್ಲಿ ಮೈಕ್ರೋಲೀಟರ್‌ಗೆ 0.2ರಿಂದ 0.4 ಮೈಕ್ರೋಗ್ರಾಂ ಬಿಎಸ್‌ಎ (ತಡೆಯುವ ವಸ್ತುಗಳನ್ನು ಹಿಡಿದಿಡುವ ಪ್ರೋಟೀನ್) ಸೇರಿಸಿ ನೋಡಬಹುದು.

ಇನ್ನೊಂದು ವಿಷಯ. ಆ ತೋಟಗಳಲ್ಲಿ ಬೋರ್ಡೋ ಹೊಡೆದಿದ್ದರೇ?

ತುಂಗಾತೀರ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದಗಳು ಸರ್. ಹೌದು, ಹೆಚ್ಚಿನ ತೋಟಗಳಲ್ಲಿ ಮುಂಗಾರು ಹಿಡಿಯುವ ಮುನ್ನವೇ ಒಂದು ಸುತ್ತು ಬೋರ್ಡೋ ಹೊಡೆದಿದ್ದಾರೆ. ಕಾಯಿಗಳ ಮೇಲೆ ತಿಳಿ ನೀಲಿಯ ಕಲೆಗಳಿವೆ. ನಲ್ಲಿ ನೀರಿನಲ್ಲಿ ತೊಳೆದೇ ಬಳಸಿದ್ದೇನೆ. ಕೊಟ್ಟೆ (ಮಳೆ ತಾಗದಂತೆ ಗೊನೆಗೆ ಕಟ್ಟುವ ಹೊದಿಕೆ) ಕಟ್ಟಿದ್ದ ಒಂದು ತೋಟದಲ್ಲಿ ಮಾತ್ರ ಔಷಧಿ ಹೊಡೆದಿರಲಿಲ್ಲ; ಅಲ್ಲಿ ಕೊಟ್ಟೆ ಹರಿದ ಗೊನೆಯೊಂದರಿಂದ ರೋಗದ ಕಾಯಿ ಸಿಕ್ಕಿದೆ.

ಶರಾವತಿ_ಸೆರಗು:

ಆ ಕಾಯಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಹೋಲಿಕೆಗೆ ಅದಕ್ಕಿಂತ ಒಳ್ಳೆಯ ಮಾದರಿ ಸಿಗದು. ಶೇ. 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಅದರಲ್ಲಿರುವ ತಾಮ್ರವೂ ಪಿಸಿಆರ್‌ಗೆ ತಡೆಯೇ, ಕ್ಯಾಲ್ಸಿಯಂ ಹೆಚ್ಚಾದರೆ ಅದು ಕಿಣ್ವಕ್ಕೆ ಬೇಕಾದ ಮ್ಯಾಗ್ನೀಸಿಯಂ ಜೊತೆ ಪೈಪೋಟಿಗೆ ಇಳಿಯುತ್ತದೆ. ಮಳೆಗೆ ತೊಳೆದುಹೋಗದಂತೆ ಅಂಟಿಕೊಳ್ಳಲೆಂದೇ ಮಾಡಿದ ಔಷಧಿ ಅದು, ನಲ್ಲಿ ನೀರಿಗೆ ಪೂರ್ತಿ ಹೋಗುವುದಿಲ್ಲ. ಸಿಟಿಎಬಿ ಬಫರ್‌ನ ಇಡಿಟಿಎ ತಾಮ್ರವನ್ನು ಒಂದಿಷ್ಟು ಹಿಡಿದಿಡುತ್ತದೆಯಾದರೂ, ಹೊರಸಿಪ್ಪೆಯನ್ನು ತೆಳುವಾಗಿ ಹೆರೆದು ತೆಗೆದು, ಒಳಗಿನ ಭಾಗವನ್ನಷ್ಟೇ ಬಳಸುವುದು ಲೇಸು. ಇಡಿಟಿಎಯನ್ನೇ ಹೆಚ್ಚು ಸುರಿಯಲು ಹೋಗಬೇಡಿ. ಅದು ಪಿಸಿಆರ್‌ವರೆಗೂ ಉಳಿದು ಬಂದರೆ ಮ್ಯಾಗ್ನೀಸಿಯಮ್ಮನ್ನೂ ಕಟ್ಟಿಹಾಕುತ್ತದೆ.

ಕೊಡಚಾದ್ರಿ_ನೋಟ:

ಮೇಲಿನದೆಲ್ಲವೂ ಸರಿಯೇ, ಆದರೆ ತಡೆ ನಿವಾರಣೆಯಾದ ಮೇಲೂ ಬ್ಯಾಂಡ್ ಬಾರದೆ ಹೋಗಬಹುದು. ನೀವು ಬಳಸುತ್ತಿರುವ ಐಟಿಎಸ್1-ಎಫ್ ಪ್ರೈಮರನ್ನು ನಿಜವಾದ ಶಿಲೀಂಧ್ರಗಳಿಗೆಂದು 1993ರಲ್ಲಿ ರೂಪಿಸಲಾಯಿತು. ಕೊಳೆರೋಗಕ್ಕೆ ಕಾರಣ ಫೈಟೋಫ್ಥೊರಾ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು 1910ರಲ್ಲೇ ಅದನ್ನು ಗುರುತಿಸಿ ಹೆಸರಿಸಿದ್ದರು. ನಾವು ರೂಢಿಯಲ್ಲಿ ಅದನ್ನೂ ಶಿಲೀಂಧ್ರವೆಂದೇ ಕರೆದರೂ, ಅದು ಊಮೈಸೀಟ್ ಗುಂಪಿಗೆ ಸೇರಿದ್ದು. ಕೋಶಭಿತ್ತಿಯಲ್ಲಿ ಪ್ರಧಾನವಾಗಿ ಕೈಟಿನ್ ಇರುವುದಿಲ್ಲ, ಸೆಲ್ಯುಲೋಸ್ ಮತ್ತು ಗ್ಲೂಕನ್‌ಗಳಿರುತ್ತವೆ, ವಂಶಾವಳಿಯೂ ಬೇರೆ. ಆ ಪ್ರೈಮರ್ ಅದಕ್ಕೆ ಚೆನ್ನಾಗಿ ಕೂರುವುದಿಲ್ಲ. ನಿಮ್ಮ ಪಾಸಿಟಿವ್ ಕಂಟ್ರೋಲ್ ಕೊಲೆಟೊಟ್ರೈಕಮ್ ಆದ್ದರಿಂದ ಈ ತೊಡಕು ಜೆಲ್‌ನಲ್ಲಿ ಕಾಣಲೇ ಇಲ್ಲ. ಮಿಶ್ರಣವೂ ಯಂತ್ರವೂ ಸರಿಯಾಗಿವೆ ಎಂಬುದನ್ನು ಅದು ತೋರಿಸಿತೇ ಹೊರತು, ಪ್ರೈಮರ್ ಫೈಟೋಫ್ಥೊರಾವನ್ನು ಹಿಡಿಯುತ್ತದೆ ಎಂಬುದನ್ನಲ್ಲ.

ಐಟಿಎಸ್6 ಮತ್ತು ಐಟಿಎಸ್4 ಜೋಡಿಯನ್ನು ಬಳಸಿ. ಫೈಟೋಫ್ಥೊರಾ ಇದ್ದರೆ 900ರ ಸುಮಾರಿಗೆ ಬ್ಯಾಂಡ್ ಬರಬೇಕು. ಐಟಿಎಸ್4 ಸಸ್ಯದ ಡಿಎನ್‌ಎಗೂ ಅಂಟಬಲ್ಲದಾದ್ದರಿಂದ ರೋಗವಿಲ್ಲದ ಕಾಯಿಯ ಡಿಎನ್‌ಎಯನ್ನು ಒಂದು ಲೇನ್‌ನಲ್ಲಿ ಓಡಿಸಲೇಬೇಕು. ಅದೇ ಮಾದರಿಗಳಿಗೆ ಸಸ್ಯದ ಆರ್‌ಬಿಸಿಎಲ್ ಜೀನಿನ ಪ್ರೈಮರನ್ನೂ ಹಾಕಿ ನೋಡಿ. ಆರ್‌ಬಿಸಿಎಲ್ ಬ್ಯಾಂಡ್ ಬಂದು 900ರದ್ದು ಬಾರದಿದ್ದರೆ, ಡಿಎನ್‌ಎ ಓಡುವ ಸ್ಥಿತಿಯಲ್ಲಿದೆ, ಆ ತುಣುಕಿನಲ್ಲಿ ರೋಗಕಾರಕ ಸಾಕಷ್ಟಿಲ್ಲ ಎಂದು ತಿಳಿಯಬಹುದು. ಹಾಗೆಯೇ ಪೂರ್ತಿ ಕೊಳೆತ ಕಾಯಿಯನ್ನು ಆರಿಸಬೇಡಿ. ನೀರು ಹಿಡಿದಂತೆ ಕಪ್ಪು ಹಸಿರಾದ ಭಾಗ ಮತ್ತು ಹಸಿರು ಭಾಗ ಕೂಡುವ ಅಂಚನ್ನೇ ಕತ್ತರಿಸಿ ತೆಗೆಯಿರಿ.

ತುಂಗಾತೀರ:

ಫಲಿತಾಂಶ ತಿಳಿಸುತ್ತಿದ್ದೇನೆ. ಬೆರೆಸಿ ನೋಡುವ ಪರೀಕ್ಷೆಯಲ್ಲಿ, ನೀರು ಮಾಡದ ಅಡಿಕೆ ಡಿಎನ್‌ಎ ಸೇರಿಸಿದ ಟ್ಯೂಬಿನಲ್ಲಿ ಕೊಲೆಟೊಟ್ರೈಕಮ್‌ನ ಬ್ಯಾಂಡ್ ಸಂಪೂರ್ಣ ಮಾಯವಾಯಿತು. ಹತ್ತು ಪಟ್ಟಿನಲ್ಲಿ ಮಸುಕಾಗಿ, ಐವತ್ತು ಪಟ್ಟಿನಲ್ಲಿ ಎಂದಿನಂತೆ ಬಂತು. ಕೊಟ್ಟೆ ಕಟ್ಟಿದ ತೋಟದ ಕಾಯಿಯ ಡಿಎನ್‌ಎ ಕೂಡ ಬ್ಯಾಂಡನ್ನು ಅಳಿಸಿತಾದರೂ, ಹತ್ತು ಪಟ್ಟಿನಲ್ಲೇ ಚೆನ್ನಾಗಿ ಮರಳಿತು. ಪಿವಿಪಿ ಹಾಕಿ, ಹೊರಸಿಪ್ಪೆ ಹೆರೆದು ಮತ್ತೆ ತೆಗೆದಾಗ ಪೆಲೆಟ್ ಬಿಳಿಯಾಗಿ ಬಂದಿದೆ, 260/230 ಅನುಪಾತ 1.8ಕ್ಕೆ ಏರಿದೆ. ಐಟಿಎಸ್6 ಜೋಡಿಯಲ್ಲಿ ಅಂಚಿನ ತುಣುಕುಗಳಿಂದ 900ರ ಬಳಿ ಬ್ಯಾಂಡ್ ಬಂದಿದೆ. ರೋಗವಿಲ್ಲದ ಕಾಯಿಯಲ್ಲಿ ಅದು ಇಲ್ಲ. ಪೂರ್ತಿ ಕೊಳೆತ ಕಾಯಿಯೊಂದರಲ್ಲಿ ಮಾತ್ರ 900ರದ್ದು ಇಲ್ಲದೆ 600ರ ಬಳಿ ಒಂದು ಬ್ಯಾಂಡ್ ಇದೆ. ಎರಡನ್ನೂ ಸೀಕ್ವೆನ್ಸಿಂಗ್‌ಗೆ (ಡಿಎನ್‌ಎಯ ಅಕ್ಷರಗಳ ಸಾಲನ್ನು ಓದಿಸಲು) ಕಳುಹಿಸಬಹುದೇ?

ಕೊಡಚಾದ್ರಿ_ನೋಟ:

600ರದ್ದು ಕೊಳೆತ ಮೇಲೆ ಬಂದು ಸೇರಿದ ಬೇರೆ ಶಿಲೀಂಧ್ರದ್ದಾಗಿರುವ ಸಾಧ್ಯತೆಯೇ ಹೆಚ್ಚು; ಹಣ ಸೀಮಿತವಾಗಿದ್ದರೆ ಅದನ್ನು ಬಿಡಿ. 900ರ ಬ್ಯಾಂಡನ್ನು ಜೆಲ್‌ನಿಂದ ಕತ್ತರಿಸಿ ಶುದ್ಧಗೊಳಿಸಿ, ಎರಡೂ ದಿಕ್ಕುಗಳಿಂದ ಓದಿಸಿ. ಫೈಟೋಫ್ಥೊರಾದ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸಲು ಐಟಿಎಸ್ ಒಂದೇ ಸಾಲದೆ ಹೋಗಬಹುದು, ಆಗ ಕಾಕ್ಸ್1 ಅಥವಾ ಕಾಕ್ಸ್2 ಜೀನನ್ನೂ ನೋಡಬೇಕಾಗುತ್ತದೆ. ಅದಕ್ಕಾಗಿ ಡಿಎನ್‌ಎ ಉಳಿಸಿಕೊಳ್ಳಿ.

ಶರಾವತಿ_ಸೆರಗು:

ಉಳಿಸಿಕೊಳ್ಳುವಾಗ ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿಡಿ, ಡಿಎನ್‌ಟಿಪಿಯನ್ನೂ (ಪಿಸಿಆರ್‌ನಲ್ಲಿ ಹೊಸ ಡಿಎನ್‌ಎ ಕಟ್ಟುವ ಬಿಡಿಭಾಗಗಳು) ಹಾಗೆಯೇ ಮಾಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗಿ ಬರುವುದು ಇದ್ದದ್ದೇ. ಕರಗಿ ಹೆಪ್ಪುಗಟ್ಟುವುದು ಮರುಕಳಿಸಿದರೆ ಡಿಎನ್‌ಟಿಪಿ ಬೇಗ ಕೆಡುತ್ತದೆ. ತಾನಾಗಿಯೇ ಹಿಮ ಕರಗಿಸಿಕೊಳ್ಳುವ ಬಗೆಯ ಮನೆಬಳಕೆಯ ಫ್ರಿಜ್‌ನ ಫ್ರೀಜರ್ ಆಗಿದ್ದರೆ ಕರೆಂಟು ಇದ್ದಾಗಲೂ ಒಳಗಿನ ತಾಪಮಾನ ಏರಿಳಿಯುತ್ತಿರುತ್ತದೆ, ಅದರಲ್ಲಿ ಕಿಣ್ವವನ್ನು ಇಡಲೇಬೇಡಿ. ಸೀಕ್ವೆನ್ಸ್ ಬಂದ ಮೇಲೆ ಅಕ್ಷರಗಳ ಸಾಲನ್ನಷ್ಟೇ ಅಲ್ಲದೆ ಕ್ರೊಮ್ಯಾಟೊಗ್ರಾಮ್ (ಪ್ರತಿ ಅಕ್ಷರದ ಸಂಕೇತವನ್ನು ಶಿಖರವಾಗಿ ತೋರಿಸುವ ನಕ್ಷೆ) ಕಡತವನ್ನೂ ಹಾಕಿ. ಒಂದರ ಮೇಲೊಂದು ಶಿಖರಗಳು ಕಂಡರೆ ಎರಡು ಜೀವಿಗಳ ಡಿಎನ್‌ಎ ಬೆರೆತಿದೆಯೇ ಎಂದು ನೋಡೋಣ.