ಪದಚರ್ಚೆ: ಸಂಗೀತ ಕೇಳುವಾಗಿನ ‘ಶಕ್ತಿವ್ಯಯ’, ‘ಮೂಲ ಚಯಾಪಚಯ’ ಒಂದೆಯೇ?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ): ಸಂಗೀತ ಕೇಳುತ್ತ ಸುಮ್ಮನೆ ಮಲಗಿದವರ ದೇಹ ಎಷ್ಟು ಶಕ್ತಿ ಬಳಸುತ್ತದೆ ಎಂಬ ಮಲಯಾಳ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇವೆ. ಅದರಲ್ಲಿನ ‘ಉಪಾಪಚಯ’, ‘ಊರ್ಜ’ ಹಾಗೆಯೇ ಇರಲೇ? ‘ರೆಸ್ಟಿಂಗ್ ಎನರ್ಜಿ ಎಕ್ಸ್‌ಪೆಂಡಿಚರ್’ ಅನ್ನುವುದಕ್ಕೆ ‘ಮೂಲ ಚಯಾಪಚಯ’ ಎಂದರೆ ಸಾಕಲ್ಲವೇ?

ಉತ್ತರ (ಕುಂಬಳೆಯಿಂದ): ‘ಉಪಾಪಚಯ’ ಬೇಡ. ನಮ್ಮ ಮಕ್ಕಳಿಗೆ ಅದು ಮಲಯಾಳದಿಂದ ಕಿವಿಗೆ ಬಿದ್ದ ಪದ, ಸರಿ; ಆದರೆ ಮಂಗಳೂರು ದಾಟಿದರೆ ‘ಚಯಾಪಚಯ’ವೇ (ದೇಹ ಆಹಾರವನ್ನು ಶಕ್ತಿಯಾಗಿ ಬಳಸಿಕೊಳ್ಳುವ ಕ್ರಿಯೆ, ಮೆಟಬಾಲಿಸಂ) ನಡೆಯುವುದು. ‘ಊರ್ಜ’ಕ್ಕೆ ‘ಶಕ್ತಿ’ ಎನ್ನಿ.

‘ಮೂಲ ಚಯಾಪಚಯ’, ಎಂದರೆ ಜೀವ ಹಿಡಿದಿರಲು ದೇಹಕ್ಕೆ ಬೇಕಾದ ಕನಿಷ್ಠ ಶಕ್ತಿಯ ಖರ್ಚು, ಮಾತ್ರ ಇಲ್ಲಿ ತಪ್ಪಾಗುತ್ತದೆ. ಅದನ್ನು ಅಳೆಯುವ ಕಟ್ಟುಪಾಡು ಬಿಗಿ: ಸುಮಾರು 12 ಗಂಟೆ ಉಪವಾಸ, ಸೆಕೆಯೂ ಚಳಿಯೂ ಇಲ್ಲದ ಕೋಣೆ, ಎಚ್ಚರವಾಗಿದ್ದು ಅಲುಗಾಡದೆ ಮಲಗಿರುವುದು. ಹಾಡು ಹಾಕಿದಿರೋ, ಆ ಹೆಸರು ಹೊಂದುವುದಿಲ್ಲ. ‘ವಿಶ್ರಾಂತ ಸ್ಥಿತಿಯ ಶಕ್ತಿವ್ಯಯ’ ಎನ್ನಿ, ಉದ್ದವಾದರೂ ಸರಿ. ‘ನಿದ್ದೆಯ’ ಎಂದು ಬರೆಯಬೇಡಿ. ನಿದ್ದೆ ಹತ್ತಿದರೆ ಖರ್ಚು ಇನ್ನೂ ಇಳಿಯುತ್ತದೆ, ಲೆಕ್ಕ ಬೇರೆಯಾಗುತ್ತದೆ.

ಅಳತೆಯ ಭಾಗ ಅನುವಾದಿಸುವಾಗ ‘ಉಸಿರು’ ಎಂದು ಹಾರಿಸಿಬಿಡಬೇಡಿ. ತಲೆಯ ಮೇಲೆ ಪಾರದರ್ಶಕ ಮುಚ್ಚಳ ಇಟ್ಟು, ದೇಹ ಬಳಸಿದ ಆಮ್ಲಜನಕ, ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಎರಡನ್ನೂ ಲೆಕ್ಕ ಹಾಕುತ್ತಾರೆ. ಇವೆರಡರಿಂದ ಶಕ್ತಿವ್ಯಯ ಕಂಡುಹಿಡಿಯುವುದು 1949ರ ವೀರ್ ಸೂತ್ರ: ಲೀಟರ್ ಆಮ್ಲಜನಕಕ್ಕೆ 3.941, ಲೀಟರ್ ಇಂಗಾಲದ ಡೈಆಕ್ಸೈಡ್‌ಗೆ 1.106 ಕಿಲೋಕ್ಯಾಲರಿ, ಎರಡನ್ನೂ ಕೂಡಿಸಬೇಕು. ನಿಮಿಷಕ್ಕೆ 210 ಮಿಲಿಲೀಟರ್ ಆಮ್ಲಜನಕ, 175 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್ ಬಂದರೆ ದಿನಕ್ಕೆ ಸುಮಾರು 1470 ಕಿಲೋಕ್ಯಾಲರಿ. ಇಲ್ಲಿ ‘ಕಿಲೋ’ ಬಿಟ್ಟರೆ ಸಾವಿರ ಪಟ್ಟು ತಪ್ಪು. ಮೊದಲ ಐದು ನಿಮಿಷದ ಅಂಕಿಗಳನ್ನು ಸಾಮಾನ್ಯವಾಗಿ ಕೈಬಿಡುತ್ತಾರೆ; ಮುಚ್ಚಳ ಕಂಡ ಗಾಬರಿಗೇ ಉಸಿರಾಟ ಏರುಪೇರಾಗಿರುತ್ತದೆ.

ಸಂಗೀತದ ಪರಿಣಾಮವನ್ನು ‘ಪ್ರಚೋದನೆ’ ಎಂದೇ ಎಲ್ಲ ಕಡೆ ಬರೆಯಲಾಗದು. ಚೆಂಡೆ ಕೇಳಿದ ಕಾಲು ತಾನಾಗಿ ತಾಳ ಹಾಕಿದರೆ ಖರ್ಚಾದದ್ದು ಸ್ನಾಯುವಿನದು, ಅದನ್ನು ವಿಶ್ರಾಂತ ಸ್ಥಿತಿ ಎನ್ನುವಂತಿಲ್ಲ. ಶಾಂತ ಸಂಗೀತದಲ್ಲಿ ಉಲ್ಟಾ ಆಗಬಹುದು. 2010ರಲ್ಲಿ ಪ್ರಕಟವಾದ ಟೆಲ್ ಅವೀವ್ ಅಧ್ಯಯನದಲ್ಲಿ ಅವಧಿಗೆ ಮುನ್ನ ಹುಟ್ಟಿದ 20 ಶಿಶುಗಳಿಗೆ ಮೊಜಾರ್ಟ್ ಸಂಗೀತ ಕೇಳಿಸಿದಾಗ, ಮೊದಲ ಹತ್ತು ನಿಮಿಷದ ಬಳಿಕ ಶಕ್ತಿವ್ಯಯ ಶೇ. 10ರಿಂದ 13ರಷ್ಟು ಇಳಿಯಿತು.

ಇದನ್ನು ‘ಶಿಶುವಿನ ಶಕ್ತಿ ಕುಂದಿತು’ ಎಂದು ಬರೆದರೆ ಅರ್ಥ ತಲೆಕೆಳಗು. ಕನ್ನಡದಲ್ಲಿ ಶಕ್ತಿ ಕುಂದುವುದೆಂದರೆ ನಿತ್ರಾಣ. ಇಳಿದದ್ದು ಖರ್ಚು, ಉಳಿದದ್ದು ಮೈ ತುಂಬಿಕೊಳ್ಳಲು ಒದಗಬಹುದು. ‘ಶಕ್ತಿನಷ್ಟ’ವೂ ಬೇಡ, ಹೃದಯ ಮಿಡಿಯಲು ಹೋದದ್ದು ನಷ್ಟವಲ್ಲವಲ್ಲ.